ಕಲಿತದ್ದು ಊರು ದಾಟುವ ಬಗೆ

(ಕಾಲೇಜು ಅಧ್ಯಾಪಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಕಲ್ಲಿನ ಕಂಬವಿದೆ. ಐದನೆಯ ಶತಮಾನದ ಆ ಸ್ತಂಭಶಾಸನದಲ್ಲಿ ಕವಿ ಕುಬ್ಜ ಕದಂಬ ವಂಶದ ಮೂಲಪುರುಷ ಮಯೂರಶರ್ಮನ ಕಥೆ ಹೇಳಿದ್ದಾನೆ. ಮಯೂರಶರ್ಮ ತನ್ನ ಗುರು ವೀರಶರ್ಮನೊಡನೆ ಹೆಚ್ಚಿನ ಓದಿಗಾಗಿ ಪಲ್ಲವರ ಕಂಚಿಗೆ ಹೋಗಿ ಅಲ್ಲಿಯ ಘಟಿಕೆಯನ್ನು ಸೇರಿದ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಓದು ಬಿಟ್ಟು ಕತ್ತಿ ಹಿಡಿದದ್ದು, ಕೊನೆಗೆ ರಾಜ್ಯವನ್ನೇ ಕಟ್ಟಿದ್ದು ಎಲ್ಲರೂ ಶಾಲೆಯಲ್ಲಿ ಓದಿರುವ ಸಂಗತಿ. ಆ ಜಗಳದ ಗದ್ದಲದಲ್ಲಿ ಒಂದು ಚಿಕ್ಕ ವಿವರ ಮರೆಯಾಗುತ್ತದೆ. ಒಂದು ಊರಿನಲ್ಲಿ ಒಂದಷ್ಟು ಕಲಿತವನು ಮಿಕ್ಕದ್ದನ್ನು ಮತ್ತೊಂದು ರಾಜ್ಯದ ವಿದ್ಯಾಕೇಂದ್ರದಲ್ಲಿ ಕಲಿಯಲು ಹೊರಟಾಗ ಅವನೊಡನೆ ಹೋದದ್ದು ಅಂಕಪಟ್ಟಿಯಲ್ಲ, ಗುರು.

ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ನಲಂದಾದ ಇನ್ನೊಂದು ಪದ್ಧತಿಯನ್ನು ದಾಖಲಿಸಿದ್ದಾನೆ. ಹೊರಗಿನಿಂದ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕಠಿಣ ಪ್ರಶ್ನೆಗಳನ್ನು ಕೇಳುತ್ತಿದ್ದರಂತೆ. ಹತ್ತು ಜನರಲ್ಲಿ ಏಳೆಂಟು ಜನ ಉತ್ತರ ಹೇಳಲಾರದೆ ಹಿಂದಿರುಗುತ್ತಿದ್ದರಂತೆ. ಎಲ್ಲಿ ಓದಿದೆ, ಎಷ್ಟು ವರ್ಷ ಓದಿದೆ ಎಂಬ ಪ್ರಶ್ನೆ ಅಲ್ಲಿ ಮುಖ್ಯವಾಗಿರಲಿಲ್ಲ. ಈಗ ಏನು ಬಲ್ಲೆ ಎಂಬುದಷ್ಟೇ ಮುಖ್ಯವಾಗಿತ್ತು.

ಯೂರೋಪಿನ ಮಧ್ಯಯುಗ ಮೂರನೆಯ ದಾರಿಯೊಂದನ್ನು ಪ್ರಯತ್ನಿಸಿತು. 1233ರಲ್ಲಿ ಪೋಪ್ ಒಂಬತ್ತನೆಯ ಗ್ರೆಗರಿ ಫ್ರಾನ್ಸಿನ ತುಲೂಸ್ ವಿಶ್ವವಿದ್ಯಾಲಯಕ್ಕೆ ಒಂದು ಹಕ್ಕು ಕೊಟ್ಟ. ಅಲ್ಲಿ ಪರೀಕ್ಷೆಯಾಗಿ ಅನುಮತಿ ಪಡೆದ ಪಂಡಿತ ಮತ್ತೆಲ್ಲಿಯೂ ಪರೀಕ್ಷೆಗೆ ಕೂರದೆ ಎಲ್ಲಿ ಬೇಕಾದರೂ ಪಾಠ ಹೇಳಬಹುದೆಂಬುದೇ ಆ ಹಕ್ಕು. ಕಾಗದದ ಮೇಲೆ ಇದು ಇಡೀ ಕ್ರೈಸ್ತ ಜಗತ್ತಿಗೆ ಅನ್ವಯಿಸುವ ಮಾತು. ಆದರೆ ಪ್ಯಾರಿಸ್‌ನಂಥ ಹಳೆಯ ವಿಶ್ವವಿದ್ಯಾಲಯಗಳು ಹೊರಗಿನವರನ್ನು ತಾವೇ ಪರೀಕ್ಷಿಸದೆ ಒಳಗೆ ಬಿಟ್ಟುಕೊಳ್ಳಲು ಒಪ್ಪಲಿಲ್ಲ. ಪೋಪನ ಮುದ್ರೆಯಿದ್ದರೂ ಪಕ್ಕದ ಊರಿನ ಪಂಡಿತರ ನಂಬಿಕೆ ಸಿಗಲಿಲ್ಲ.

ಗುರುವಿನ ಮಾತು, ಬಾಗಿಲಿನ ಪರೀಕ್ಷೆ, ಮುದ್ರೆಯುಳ್ಳ ಕಾಗದ – ಕಲಿತದ್ದು ಊರು ದಾಟಲು ಹಳಬರು ಕಂಡುಕೊಂಡ ಹಾದಿಗಳು ಇವು. ಇಪ್ಪತ್ತನೆಯ ಶತಮಾನ ಇವುಗಳಿಗೆ ನಾಲ್ಕನೆಯದೊಂದನ್ನು ಸೇರಿಸಿತು. ಅದೇ ಇಂದು ಕಾಲೇಜುಗಳಲ್ಲಿ ದಿನಬೆಳಗಾದರೆ ಕೇಳಿಬರುವ ‘ಕ್ರೆಡಿಟ್’.

ನಂಬಿಕೆಯ ಪದ, ಗಂಟೆಯ ಲೆಕ್ಕ

ಕ್ರೆಡಿಟ್ ಎಂಬ ಮಾತಿನ ಮೂಲ ಲ್ಯಾಟಿನ್ ಭಾಷೆಯಲ್ಲಿ ‘ನಂಬು’ ಎಂಬ ಅರ್ಥದ ಕ್ರಿಯಾಪದ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅದು ಜಮಾ, ಕಿರಾಣಿ ಅಂಗಡಿಯಲ್ಲಿ ಅದು ಉದ್ರಿ. ಎರಡೂ ನಂಬಿಕೆಯ ವ್ಯವಹಾರಗಳೇ. ‘ಇಂದು ನಗದು, ನಾಳೆ ಉದ್ರಿ’ ಎಂದು ಫಲಕ ಹಾಕುವ ಅಂಗಡಿಯವನಿಗೂ ಗುರುತಿನವರ ಲೆಕ್ಕಕ್ಕೆ ಬೇರೆ ಪುಸ್ತಕವಿರುತ್ತದೆ. ಕಾಲೇಜುಗಳ ನಡುವಿನ ಕ್ರೆಡಿಟ್ ವರ್ಗಾವಣೆಯೂ ಬಹುಮಟ್ಟಿಗೆ ಇದೇ ರೀತಿ ನಡೆಯುತ್ತದೆ.

ಇದರ ಹುಟ್ಟೂರು ಅಮೆರಿಕ. 1869ರಿಂದ 1909ರವರೆಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷನಾಗಿದ್ದ ಚಾರ್ಲ್ಸ್ ಎಲಿಯಟ್ ವಿದ್ಯಾರ್ಥಿಗಳು ತಮಗೆ ಬೇಕಾದ ವಿಷಯಗಳನ್ನು ತಾವೇ ಆರಿಸಿಕೊಳ್ಳುವ ಪದ್ಧತಿಯನ್ನು ಬೆಳೆಸಿದ. ಎಲ್ಲರೂ ಒಂದೇ ಗ್ರೀಕ್, ಒಂದೇ ಲ್ಯಾಟಿನ್ ಓದುತ್ತಿದ್ದಾಗ ‘ನಾಲ್ಕು ವರ್ಷ ಓದಿದ’ ಎಂದರೆ ಸಾಕಾಗಿತ್ತು. ಒಬ್ಬ ರಸಾಯನಶಾಸ್ತ್ರ, ಇನ್ನೊಬ್ಬ ಇತಿಹಾಸ, ಮತ್ತೊಬ್ಬ ಜರ್ಮನ್ ಭಾಷೆ ಆರಿಸಿಕೊಂಡ ಮೇಲೆ ಇವರೆಲ್ಲ ಸಮನಾಗಿ ಓದಿದರೆಂದು ಹೇಳಲು ಒಂದು ಅಳತೆ ಬೇಕಾಯಿತು.

ಆ ಅಳತೆ ದೇಶಕ್ಕೆಲ್ಲ ಒಂದಾದದ್ದು ವಿಚಿತ್ರ ಕಾರಣದಿಂದ. ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ ಕಾಲೇಜು ಅಧ್ಯಾಪಕರ ಕಡಿಮೆ ಸಂಬಳ ಕಂಡು ಮರುಗಿ, 1905ರಲ್ಲಿ ಅವರ ಪಿಂಚಣಿಗೆಂದು ಒಂದು ಕೋಟಿ ಡಾಲರ್ ಕೊಟ್ಟ. ಹಣ ಹಂಚಬೇಕಾದ ಪ್ರತಿಷ್ಠಾನಕ್ಕೆ ಮೊದಲ ತೊಡಕು ಎದುರಾಯಿತು: ಕಾಲೇಜು ಎಂದರೆ ಯಾವುದು? ಹೈಸ್ಕೂಲಿಗಿಂತ ತುಸು ಮೇಲಾದ ಸಂಸ್ಥೆಗಳೂ ಆಗ ಕಾಲೇಜೆಂದು ಫಲಕ ಹಾಕಿಕೊಂಡಿದ್ದವು. ಆದ್ದರಿಂದ ಪ್ರತಿಷ್ಠಾನ ಒಂದು ಷರತ್ತು ಹಾಕಿತು. ಹೈಸ್ಕೂಲಿನಲ್ಲಿ 14 ‘ಯೂನಿಟ್’ ಓದಿದವರನ್ನು ಮಾತ್ರ ಸೇರಿಸಿಕೊಳ್ಳುವ ಸಂಸ್ಥೆಯೇ ಕಾಲೇಜು. ಒಂದು ವಿಷಯದಲ್ಲಿ ವರ್ಷಕ್ಕೆ 120 ಗಂಟೆಗಳ ಪಾಠವಾದರೆ ಒಂದು ಯೂನಿಟ್. ಪಿಂಚಣಿಯ ಆಸೆಗೆ ಕಾಲೇಜುಗಳೂ, ಕಾಲೇಜುಗಳ ಒತ್ತಾಯಕ್ಕೆ ಹೈಸ್ಕೂಲುಗಳೂ ಈ ಲೆಕ್ಕಕ್ಕೆ ಒಗ್ಗಿಕೊಂಡವು. ಮೇಷ್ಟರ ಮುಪ್ಪಿನ ಚಿಂತೆ ವಿದ್ಯಾರ್ಥಿಯ ಕಲಿಕೆಗೆ ಅಳತೆಗೋಲಾದದ್ದು ಹೀಗೆ.

ಇದೇ ಪ್ರತಿಷ್ಠಾನದ ಕೋರಿಕೆಯ ಮೇರೆಗೆ ಮಾರಿಸ್ ಕುಕ್ ಎಂಬ ಎಂಜಿನಿಯರ್ ವಿಶ್ವವಿದ್ಯಾಲಯಗಳ ಭೌತಶಾಸ್ತ್ರ ವಿಭಾಗಗಳನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಕೊಟ್ಟ. ಕಾರ್ಖಾನೆಗಳ ದಕ್ಷತೆಯ ಲೆಕ್ಕಾಚಾರದಲ್ಲಿ ಪಳಗಿದವನು ಅವನು. ಒಬ್ಬ ವಿದ್ಯಾರ್ಥಿ ಒಂದು ಗಂಟೆ ಪಾಠದಲ್ಲೋ ಪ್ರಯೋಗಾಲಯದಲ್ಲೋ ಕಳೆದರೆ ಅದು ಒಂದು ‘ವಿದ್ಯಾರ್ಥಿ-ಗಂಟೆ’ ಎಂದು ಎಣಿಸಿ, ಖರ್ಚನ್ನು ಅದರಿಂದ ಭಾಗಿಸಿ ನೋಡಬೇಕೆಂದು ಅವನು ಸೂಚಿಸಿದ. ಇಂದಿಗೂ ಅಮೆರಿಕದ ಕ್ರೆಡಿಟ್ ಎಂದರೆ ಸುಮಾರು 15 ವಾರಗಳ ಕಾಲ ವಾರಕ್ಕೊಂದು ಗಂಟೆ ಪಾಠ ಮತ್ತು ಹೊರಗೆ ಎರಡು ಗಂಟೆ ಓದು. ಇಂಥ 120 ಕ್ರೆಡಿಟ್ ಕೂಡಿದರೆ ಸಾಮಾನ್ಯವಾಗಿ ಒಂದು ಪದವಿ.

ಈ ಲೆಕ್ಕದಲ್ಲಿ ಒಂದು ಅನುಕೂಲವಿದೆ, ಒಂದು ಕೊರತೆಯೂ ಇದೆ. ಮೆಟ್ರಿಕ್ ಪದ್ಧತಿ ಬರುವ ಮೊದಲು ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸಮವಿರಲಿಲ್ಲ. ಅಳತೆ ಒಂದಾದ ಮೇಲೆ ಸಂತೆಯಲ್ಲಿ ತಕರಾರು ತಗ್ಗಿತು. ಆದರೆ ಪಾವು ಹೇಳುವುದು ಅಕ್ಕಿ ಎಷ್ಟು ಎಂಬುದನ್ನು ಮಾತ್ರ. ಹಳೆಯ ಅಕ್ಕಿಯೋ ಹೊಸದೋ, ಕಲ್ಲಿದೆಯೋ ಇಲ್ಲವೋ ಎಂದು ತಿಳಿಯಲು ಕೈಯಲ್ಲಿ ಹಿಡಿದೇ ನೋಡಬೇಕು. ಕ್ರೆಡಿಟ್ಟೂ ಪಾವಿನಂತೆಯೇ.

ಜಮಾ ಆದರೂ ಖರ್ಚಿಗೆ ಬಾರದ್ದು

ಅಮೆರಿಕದಲ್ಲಿ ವರ್ಗಾವಣೆ ಎಂಬುದು ನಡುವೆ ಎಲ್ಲೋ ಬಂದ ಯೋಚನೆಯಲ್ಲ. 1901ರಲ್ಲಿ ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬ ಊರಿನಲ್ಲಿ ಜೂನಿಯರ್ ಕಾಲೇಜೊಂದು ಆರಂಭವಾಯಿತು. ಊರಲ್ಲೇ ಇದ್ದು ಕಡಿಮೆ ಖರ್ಚಿನಲ್ಲಿ ಎರಡು ವರ್ಷ ಓದಿ, ಮಿಕ್ಕ ಎರಡು ವರ್ಷಕ್ಕೆ ವಿಶ್ವವಿದ್ಯಾಲಯ ಸೇರುವುದು ಅದರ ಉದ್ದೇಶ. ಇಂದಿನ ಕಮ್ಯುನಿಟಿ ಕಾಲೇಜುಗಳ ಬೇರು ಅಲ್ಲಿದೆ. ಕ್ಯಾಲಿಫೋರ್ನಿಯಾ 1960ರಲ್ಲಿ ಇದನ್ನೇ ತನ್ನ ಉನ್ನತ ಶಿಕ್ಷಣದ ಮಹಾಯೋಜನೆಯ ಆಧಾರ ಮಾಡಿಕೊಂಡಿತು.

ಇಷ್ಟು ವರ್ಷಗಳ ಅಭ್ಯಾಸವಿದ್ದೂ ಅಲ್ಲಿಯ ಫಲಿತಾಂಶ ಹೆಮ್ಮೆ ಪಡುವಂಥದ್ದಲ್ಲ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ಒಂದು ವರದಿ ಪ್ರಕಟಿಸಿತು. 2004ರಿಂದ 2009ರ ನಡುವೆ ಕಾಲೇಜು ಬದಲಿಸಿದ ವಿದ್ಯಾರ್ಥಿಗಳು ಸರಾಸರಿ ಶೇ. 43ರಷ್ಟು ಕ್ರೆಡಿಟ್ ಕಳೆದುಕೊಂಡಿದ್ದರೆಂದು ಅದರ ಅಂದಾಜು. ಸರ್ಕಾರಿ ಕಾಲೇಜಿನಿಂದ ಸರ್ಕಾರಿ ಕಾಲೇಜಿಗೆ ಹೋದವರ ನಷ್ಟ ಶೇ. 37. ಲಾಭಕ್ಕಾಗಿ ನಡೆಯುವ ಖಾಸಗಿ ಕಾಲೇಜಿನಿಂದ ಸರ್ಕಾರಿ ಕಾಲೇಜಿಗೆ ಬಂದವರ ನಷ್ಟ ಶೇ. 94. ಕ್ರೆಡಿಟ್ಟಿನ ಅಳತೆ ಎಲ್ಲೆಡೆ ಒಂದೇ. ಆದರೂ ಒಬ್ಬರದು ನಡೆಯಿತು, ಇನ್ನೊಬ್ಬರದು ನಡೆಯಲಿಲ್ಲ.

ನಷ್ಟ ಹೇಗಾಗುತ್ತದೆ ಎಂಬುದನ್ನು ನೋಡಬೇಕು. ಹೊಸ ಕಾಲೇಜು ಹಳೆಯ ಕ್ರೆಡಿಟ್ಟನ್ನು ನೇರವಾಗಿ ತಿರಸ್ಕರಿಸಿದರೆ ಅದು ಕಣ್ಣಿಗೆ ಕಾಣುವ ನಷ್ಟ. ಇನ್ನೊಂದು ಮೆಲ್ಲಗೆ ಬರುವ ನಷ್ಟವಿದೆ. ಕಾಲೇಜು ಕ್ರೆಡಿಟ್ಟನ್ನು ಸ್ವೀಕರಿಸುತ್ತದೆ, ಆದರೆ ಐಚ್ಛಿಕ ವಿಷಯದ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಉದಾಹರಣೆಗೆ, ವಿದ್ಯಾರ್ಥಿ ಓದಿ ಬಂದ ಸಂಖ್ಯಾಶಾಸ್ತ್ರ ಅವನ ಮುಖ್ಯ ವಿಷಯಕ್ಕೆ ಬೇಕಾದ ಸಂಖ್ಯಾಶಾಸ್ತ್ರದ ಜಾಗದಲ್ಲಿ ಕೂರುವುದಿಲ್ಲ. ಕೊನೆಗೆ ಅವನ ಖಾತೆಯಲ್ಲಿ ಬೇಕಾದಷ್ಟು ಕ್ರೆಡಿಟ್ ಇರುತ್ತದೆ, ಪದವಿಗೆ ಬೇಕಾದ್ದು ಇರುವುದಿಲ್ಲ. ಜಮಾ ಆಗಿದೆ, ಖರ್ಚಿಗೆ ಬರುತ್ತಿಲ್ಲ. ಅದೇ ಪಾಠಕ್ಕೆ ಎರಡನೆಯ ಸಲ ಶುಲ್ಕ ಕಟ್ಟಬೇಕು, ಇನ್ನೊಂದು ವರ್ಷ ಕಳೆಯಬೇಕು.

ಯೂರೋಪು ಕೇಳಿದ ಪ್ರಶ್ನೆ

ಯೂರೋಪಿನ ದೇಶಗಳು 1987ರಲ್ಲಿ ‘ಎರಾಸ್ಮಸ್’ ಎಂಬ ಯೋಜನೆಯನ್ನು ಆರಂಭಿಸಿದವು. ಒಂದು ದೇಶದ ವಿದ್ಯಾರ್ಥಿ ಕೆಲ ತಿಂಗಳು ಇನ್ನೊಂದು ದೇಶದಲ್ಲಿ ಓದಿ ಬರುವ ಈ ಯೋಜನೆಯಲ್ಲಿ ಮೊದಲ ವರ್ಷ ಹೋದವರು 3,244 ಮಂದಿ. ಹೋದವರು ಮರಳಿದಾಗ ಆ ಓದನ್ನು ತಾಯ್ನೆಲದ ವಿಶ್ವವಿದ್ಯಾಲಯ ಒಪ್ಪದಿದ್ದರೆ ಅದು ಬರಿಯ ಪ್ರವಾಸವಾಗುತ್ತಿತ್ತು. ಆದ್ದರಿಂದ 1989ರಲ್ಲಿ ಸಮಾನ ಕ್ರೆಡಿಟ್ ಪದ್ಧತಿಯ ಪ್ರಯೋಗ ಶುರುವಾಯಿತು. 1999ರಲ್ಲಿ 29 ದೇಶಗಳ ಪ್ರತಿನಿಧಿಗಳು ಇಟಲಿಯ ಬೊಲೊನ್ಯಾದಲ್ಲಿ ಸಹಿ ಮಾಡಿದ ಘೋಷಣೆ ಇಂಥ ಪದ್ಧತಿಗೆ ಇನ್ನಷ್ಟು ಬಲ ಕೊಟ್ಟಿತು. ಇಲ್ಲಿ ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆ. ಗಮನಿಸಬೇಕಾದ್ದೆಂದರೆ ಇದು ಮೇಷ್ಟರು ಪಾಠ ಮಾಡಿದ ಗಂಟೆಯಲ್ಲ, ವಿದ್ಯಾರ್ಥಿಯ ಒಟ್ಟು ದುಡಿಮೆಯ ಗಂಟೆ.

ಇದಕ್ಕಿಂತ ದೊಡ್ಡ ಹೆಜ್ಜೆ 1997ರ ಲಿಸ್ಬನ್ ಒಡಂಬಡಿಕೆ. ಅದುವರೆಗೆ ‘ನನ್ನ ಓದು ನಿಮ್ಮ ಓದಿಗೆ ಸಮ’ ಎಂದು ರುಜುವಾತು ಮಾಡುವ ಹೊರೆ ಬಹುತೇಕ ವಿದ್ಯಾರ್ಥಿಯ ಹೆಗಲ ಮೇಲಿರುತ್ತಿತ್ತು. ಲಿಸ್ಬನ್ ಅದನ್ನು ತಿರುವಿ ಹಾಕಿತು. ಎರಡು ಓದುಗಳ ನಡುವೆ ಗಣನೀಯ ವ್ಯತ್ಯಾಸವಿದೆ ಎಂದು ಸಂಸ್ಥೆಯೇ ತೋರಿಸಬೇಕು. ತೋರಿಸಲಾಗದಿದ್ದರೆ ಮಾನ್ಯತೆ ಕೊಡಬೇಕು. ಸಣ್ಣಪುಟ್ಟ ವ್ಯತ್ಯಾಸ ಕಾರಣವಾಗಲಾರದು. ಇದು ಜಾರಿಯಾಗುವಲ್ಲಿ ಕುಂದುಗಳಿರಬಹುದು. ಆದರೆ ಪ್ರಶ್ನೆ ಬದಲಾದದ್ದು ಮುಖ್ಯ. ‘ಇದು ನಮ್ಮ ಪಠ್ಯದಂತೆಯೇ ಇದೆಯೇ?’ ಎನ್ನುವುದರ ಬದಲು ‘ಇದನ್ನು ಓದಿದವನು ನಮ್ಮ ಮುಂದಿನ ಪಾಠವನ್ನು ಅರ್ಥ ಮಾಡಿಕೊಳ್ಳಬಲ್ಲನೇ?’ ಎಂದು ಕೇಳುವಂತಾಯಿತು.

ಇಡೀ ಚೀಲದ ವ್ಯಾಪಾರ

ಭಾರತದ ಕಥೆ ಬೇರೆ. 1857ರಲ್ಲಿ ಕಲ್ಕತ್ತ, ಮುಂಬಯಿ, ಮದ್ರಾಸುಗಳಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಗಳು ಅಂದಿನ ಲಂಡನ್ ವಿಶ್ವವಿದ್ಯಾಲಯದ ಮಾದರಿಯವು. ಪಾಠ ಹೇಳುವುದು ಕಾಲೇಜು, ಪರೀಕ್ಷೆ ನಡೆಸುವುದು ವಿಶ್ವವಿದ್ಯಾಲಯ. ಹಾಗಾಗಿ ಇಲ್ಲಿ ಊರು ದಾಟುತ್ತಿದ್ದುದು ಬಿಡಿ ವಿಷಯಗಳಲ್ಲ, ಪೂರ್ತಿ ಮುಗಿಸಿದ ಪರೀಕ್ಷೆ. ಇಡೀ ಚೀಲ ಇದ್ದರೆ ವ್ಯಾಪಾರ. ಚೀಲ ಬಿಚ್ಚಿ ಸೇರಿನ ಲೆಕ್ಕದಲ್ಲಿ ಕೊಡುವ ಪದ್ಧತಿಯಿಲ್ಲ.

ವಿಶ್ವೇಶ್ವರಯ್ಯನವರ ಓದೇ ಇದಕ್ಕೆ ಒಳ್ಳೆಯ ನಿದರ್ಶನ. ಬೆಂಗಳೂರಿನ ಸೆಂಟ್ರಲ್ ಕಾಲೇಜು ಆಗ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಅಲ್ಲಿ 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ನೆರವಿನಿಂದ ಮುಂಬಯಿ ಪ್ರಾಂತದ ಪುಣೆಗೆ ಹೋಗಿ ಎಂಜಿನಿಯರಿಂಗ್ ಸೇರಿದರು; 1883ರಲ್ಲಿ ಅದನ್ನೂ ಮುಗಿಸಿದರು. ಕೈಯಲ್ಲಿ ಪೂರ್ಣ ಪದವಿಯಿದ್ದುದರಿಂದ ಎರಡು ವಿಶ್ವವಿದ್ಯಾಲಯಗಳ ಗಡಿ ಅವರಿಗೆ ಅಡ್ಡವಾಗಲಿಲ್ಲ. ಅರ್ಧದಲ್ಲೇ ಹೊರಡಬೇಕಾಗಿ ಬಂದವನ ಪಾಡು ಬೇರೆಯೇ. ಅಂಥವನಿಗೆ ಟಿ.ಸಿ., ಮೈಗ್ರೇಶನ್ ಸರ್ಟಿಫಿಕೇಟ್, ಅರ್ಹತಾ ಪತ್ರ, ತತ್ಸಮಾನ ಎಂಬ ಷರಾ – ಹೀಗೆ ಮೇಜಿನಿಂದ ಮೇಜಿಗೆ ಅಲೆದಾಟ.

ಕನ್ನಡ ನಾಡಿನಲ್ಲಿ ಕಾಲೇಜುಗಳೇ ವಿಶ್ವವಿದ್ಯಾಲಯ ಬದಲಿಸಿದ್ದೂ ಉಂಟು. 1956ರಲ್ಲಿ ರಾಜ್ಯ ಒಂದಾದಾಗ ದಕ್ಷಿಣ ಕನ್ನಡದ ಕಾಲೇಜುಗಳು ಮದ್ರಾಸಿನ ಕಕ್ಷೆಯಲ್ಲಿದ್ದವು, ಗುಲ್ಬರ್ಗದ ಕಡೆಯವು ಉಸ್ಮಾನಿಯಾದ ಕಕ್ಷೆಯಲ್ಲಿ. ಏಕೀಕರಣದ ನಂತರ ಮಂಗಳೂರಿನವು ಮೈಸೂರು ವಿಶ್ವವಿದ್ಯಾಲಯಕ್ಕೂ, ಗುಲ್ಬರ್ಗದವು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಸೇರಿದವು. ಬೇರೆ ಬೇರೆ ಪಠ್ಯಕ್ರಮಗಳಲ್ಲಿ ಓದಿ ಬಂದವರನ್ನು ಈ ವಿಶ್ವವಿದ್ಯಾಲಯಗಳು ತಮ್ಮವರೆಂದು ಒಪ್ಪಿಕೊಂಡವು. ಆಡಳಿತದ ಇಚ್ಛೆಯಿದ್ದಾಗ ಓದು ಗಡಿ ದಾಟಬಲ್ಲದು ಎಂಬುದು ಇದರಿಂದ ತಿಳಿಯುತ್ತದೆ.

ಕ್ರೆಡಿಟ್ ಪದ್ಧತಿ ಕರ್ನಾಟಕಕ್ಕೆ ಬಂದದ್ದು ಹೊಲದ ದಾರಿಯಿಂದ. 1964ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯ ಅಮೆರಿಕದ ಲ್ಯಾಂಡ್‌ಗ್ರಾಂಟ್ ಕಾಲೇಜುಗಳ ಮಾದರಿಯದು. ಟೆನೆಸಿ ವಿಶ್ವವಿದ್ಯಾಲಯದ ನೆರವು ಅದಕ್ಕಿತ್ತು. ಕಲಾ, ವಾಣಿಜ್ಯ ಕಾಲೇಜುಗಳಲ್ಲಿ ಮಾರ್ಚ್-ಏಪ್ರಿಲ್‌ನ ವಾರ್ಷಿಕ ಪರೀಕ್ಷೆಯೇ ಸರ್ವಸ್ವವಾಗಿದ್ದ ಕಾಲದಲ್ಲಿ ಹೆಬ್ಬಾಳದ ಹುಡುಗರು ಕ್ರೆಡಿಟ್ ಎಣಿಸುತ್ತಿದ್ದರು. ಉಳಿದವರಿಗೆ ಅದು ಬಂದದ್ದು ಬಹಳ ತಡವಾಗಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಗೆ ಮಾರ್ಗಸೂಚಿ ಹೊರಡಿಸಿದ್ದು 2015ರಲ್ಲಿ.

ಬ್ಯಾಂಕು ಬಂತು, ಚೆಕ್ಕು ನಡೆಯಬೇಕು

2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ, 2021ರ ಜುಲೈನಲ್ಲಿ ಧನಸಹಾಯ ಆಯೋಗ ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ಎಂಬ ವ್ಯವಸ್ಥೆಗೆ ನಿಯಮ ಪ್ರಕಟಿಸಿತು. ವಿದ್ಯಾರ್ಥಿಗೊಂದು ಹನ್ನೆರಡು ಅಂಕೆಯ ಸಂಖ್ಯೆ, ಆ ಸಂಖ್ಯೆಯಡಿ ಒಂದು ಖಾತೆ. ಓದಿದ ಸಂಸ್ಥೆ ಅದರಲ್ಲಿ ಕ್ರೆಡಿಟ್ ಜಮಾ ಮಾಡುತ್ತದೆ. ವಿದ್ಯಾರ್ಥಿ ತಾನೇ ಪ್ರಮಾಣಪತ್ರ ತಂದು ಜಮಾ ಮಾಡಿಸಲು ಬರುವುದಿಲ್ಲ. ಆ ನಿಯಮಗಳ ಪ್ರಕಾರ ಕ್ರೆಡಿಟ್ಟಿನ ಆಯುಸ್ಸು ಗರಿಷ್ಠ ಏಳು ವರ್ಷ. ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು. ವರ್ಷಕ್ಕೆ ಸುಮಾರು 40, ಮೂರು ವರ್ಷದ ಪದವಿಗೆ 120 ಕ್ರೆಡಿಟ್ ಎಂಬುದು ಆಯೋಗದ ಚೌಕಟ್ಟು.

ಬಳ್ಳಾರಿಯಲ್ಲಿ ಎರಡು ವರ್ಷ ಬಿ.ಕಾಂ. ಓದಿದ ಹುಡುಗಿಯೊಬ್ಬಳು ಮದುವೆಯಾಗಿ ಶಿವಮೊಗ್ಗಕ್ಕೆ ಬಂದಳೆನ್ನಿ. ಮನೆಯವರು ಓದಿಸಲು ಒಪ್ಪಿದ್ದಾರೆ. ಖಾತೆಯಲ್ಲಿ ಎರಡು ವರ್ಷದ ಕ್ರೆಡಿಟ್ ಜಮಾ ಇದೆ. ಆದರೆ ಮೊದಲ ಕಾಲೇಜಿನಲ್ಲಿ ಮೂರನೆಯ ಸೆಮಿಸ್ಟರಿಗಿದ್ದ ವಿಷಯ ಇಲ್ಲಿ ಐದನೆಯದಕ್ಕಿದೆ, ಇಲ್ಲಿ ಎರಡನೆಯದಕ್ಕಿದ್ದ ವಿಷಯವನ್ನು ಅವಳು ಓದಿಯೇ ಇಲ್ಲ. ಇನ್ನೂ ಒಂದು ತೊಡಕಿದೆ. ಅವಳ ಕ್ರೆಡಿಟ್ಟಿನಲ್ಲಿ ಮೂರನೇ ಎರಡು ಪಾಲು ಹಳೆಯ ಸಂಸ್ಥೆಯದು. ಹೊಸ ಸಂಸ್ಥೆ ಪದವಿ ಕೊಡಬೇಕಾದರೆ ಅರ್ಧದ ನಿಯಮ ಅಡ್ಡ ಬರುತ್ತದೆ. ಒಂದು ವರ್ಷದಲ್ಲಿ ಮುಗಿಯಬೇಕಾದ ಓದು ಒಂದೂವರೆಯೋ ಎರಡೋ ವರ್ಷವಾಗುತ್ತದೆ. ಅಷ್ಟರಲ್ಲಿ ಮನೆಯವರ ಒಪ್ಪಿಗೆ ಉಳಿದಿರುತ್ತದೆಯೇ ಎಂಬುದನ್ನು ಯಾವ ನಿಯಮವೂ ಹೇಳಲಾರದು. ಕಾಗದದ ಮೇಲೆ ಅದು ಎರಡು ಸೆಮಿಸ್ಟರಿನ ಮಾತು. ಅವಳಿಗೆ ಅದು ಪದವಿ ಇರುವುದರ, ಇಲ್ಲದಿರುವುದರ ಮಾತು.

ನೀತಿಗಳೇ ಬದಲಾದಾಗ ಊರು ಬಿಡದವರಿಗೂ ಇದೇ ಕಷ್ಟ ಬರಬಹುದು. ಕರ್ನಾಟಕ 2021-22ರಲ್ಲಿ ಹೊಸ ನೀತಿಯ ನಾಲ್ಕು ವರ್ಷದ ಪದವಿಯನ್ನು ಜಾರಿಗೆ ತಂದಿತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಎರಡಕ್ಕೂ ವಾದಗಳಿವೆ, ಅದು ಬೇರೆ ಚರ್ಚೆ. ಆದರೆ ಮನೆಯ ಕಷ್ಟಕ್ಕೆ ಓದು ಬಿಟ್ಟು, ಎರಡು ವರ್ಷ ದುಡಿದು, ಅದೇ ಕಾಲೇಜಿನ ಬಾಗಿಲಿಗೆ ಮರಳುವ ಹುಡುಗನಿಗೆ ಆ ಕಾಲೇಜಿನ ಪಠ್ಯಕ್ರಮವೇ ಹೊಸದಾಗಿರುತ್ತದೆ. ಅವನು ವರ್ಗಾವಣೆ ಕೇಳಲಿಲ್ಲ, ಆದರೂ ವರ್ಗಾವಣೆಯಾಗಿದ್ದಾನೆ.

ಹಾಗೆಂದು ಯಾರು ಏನು ತಂದರೂ ಒಪ್ಪಿಕೊಳ್ಳಬೇಕೆಂದು ಅರ್ಥವಲ್ಲ. ಅಧ್ಯಯನ ಮಂಡಳಿಗಳ ಆತಂಕದಲ್ಲಿ ಹುರುಳಿದೆ. ಪಾಠವೇ ನಡೆಯದ ಕಡೆ ಗಂಟೆಗಳ ಲೆಕ್ಕ ಬರೆದು ಕಳಿಸಿದರೆ, ಅದನ್ನು ಒಪ್ಪಿದ ಕಾಲೇಜಿನ ಪದವಿಗೂ ಬೆಲೆ ಇಳಿಯುತ್ತದೆ. ನಲಂದಾದ ಬಾಗಿಲಿನವರು ಕಾವಲು ಕಾದದ್ದು ಇದೇ ಕಾರಣಕ್ಕೆ. ಆದರೆ ಅವರು ಬಂದವನನ್ನು ಮಾತನಾಡಿಸಿದರು. ಪಠ್ಯಪಟ್ಟಿಯ ಎರಡು ಸಾಲು ಹೊಂದುವುದಿಲ್ಲವೆಂದು ಅರ್ಜಿ ಮರಳಿಸುವುದು ಕಾವಲಲ್ಲ, ಬಾಗಿಲು ಮುಚ್ಚುವುದು.

ಕಾನೂನಿಗೆ ಕಾಯದೆ ಕಾಲೇಜುಗಳು ಮಾಡಬಹುದಾದ ಕೆಲಸಗಳಿವೆ. ಅಂಕಪಟ್ಟಿಯ ಜೊತೆಗೆ ಆಯಾ ವರ್ಷದ ಪಠ್ಯವಿವರವನ್ನೂ ಮೊಹರು ಹಾಕಿ ಕೊಡುವುದು ಮೊದಲನೆಯದು. ಹತ್ತು ವರ್ಷದ ಹಿಂದೆ ಏನು ಕಲಿಸಿದ್ದೆಂದು ಕಾಲೇಜಿಗೇ ನೆನಪಿರದಿದ್ದರೆ ಬೇರೆಯವರು ಹೇಗೆ ನಂಬಬೇಕು? ಹೊರಗಿನಿಂದ ಬಂದವರ ಯಾವ ಕ್ರೆಡಿಟ್ ಯಾವ ಜಾಗಕ್ಕೆ ಸಲ್ಲುತ್ತದೆ ಎಂಬುದನ್ನು ಶುಲ್ಕ ಕಟ್ಟಿಸಿಕೊಳ್ಳುವ ಮೊದಲೇ ಬರಹದಲ್ಲಿ ತಿಳಿಸುವುದು ಎರಡನೆಯದು. ಒಪ್ಪದಿದ್ದರೆ ಕಾರಣ ಬರೆಯುವುದು ಮೂರನೆಯದು. ಲಿಸ್ಬನ್ನಿನ ಪಾಠ ಇದೇ. ನೆರೆಯ ವಿಶ್ವವಿದ್ಯಾಲಯಗಳ ಒಂದೇ ವಿಷಯದ ಅಧ್ಯಾಪಕರು ವರ್ಷಕ್ಕೊಮ್ಮೆ ಒಟ್ಟಿಗೆ ಕುಳಿತು ಪ್ರಶ್ನೆಪತ್ರಿಕೆ, ಉತ್ತರಪತ್ರಿಕೆಗಳನ್ನು ಅದಲುಬದಲು ಮಾಡಿ ನೋಡುವುದು ನಾಲ್ಕನೆಯದು. ಇದಕ್ಕೆ ಹೆಚ್ಚು ಹಣ ಬೇಕಿಲ್ಲ. ಒಬ್ಬರ ಪಾಠದ ಮೇಲೆ ಇನ್ನೊಬ್ಬರಿಗೆ ನಂಬಿಕೆ ಹುಟ್ಟಲು ಇದಕ್ಕಿಂತ ಹತ್ತಿರದ ದಾರಿಯೂ ಇಲ್ಲ.

ವಿದ್ಯಾರ್ಥಿಗಳೂ ಅವರ ಹೆತ್ತವರೂ ತಿಳಿದಿರಬೇಕಾದ ಮಾತೊಂದಿದೆ. ಕಾಲೇಜು ಬಿಡುವ ಮುನ್ನ ಪಠ್ಯವಿವರದ ಪ್ರತಿ ಪಡೆದಿಟ್ಟುಕೊಳ್ಳಬೇಕು. ಕ್ರೆಡಿಟ್ ಖಾತೆಗೆ ಜಮಾ ಆಗಿದೆಯೇ ಎಂದು ನೋಡಬೇಕು. ಸೇರುವ ಕಾಲೇಜಿನವರನ್ನು ‘ನನ್ನ ಕ್ರೆಡಿಟ್ ಒಪ್ಪುತ್ತೀರಾ?’ ಎಂದಷ್ಟೇ ಕೇಳದೆ ‘ಯಾವ ವಿಷಯದ ಬದಲಿಗೆ ಒಪ್ಪುತ್ತೀರಿ?’ ಎಂದು ಕೇಳಬೇಕು. ಎಷ್ಟೋ ವೇಳೆ ಒಂದು ವರ್ಷದ ಶುಲ್ಕ ಉಳಿಯುವುದು ಈ ಒಂದು ಪ್ರಶ್ನೆಯಿಂದ.

ಅಳತೆಯನ್ನು ದೆಹಲಿಯಿಂದ ಕೊಡಬಹುದು, ಖಾತೆಯನ್ನು ಗಣಕಯಂತ್ರದಲ್ಲಿ ತೆರೆಯಬಹುದು. ತುಲೂಸಿನ ಕಾಲದಿಂದಲೂ ಮೇಲಿನಿಂದ ಕೊಡಲಾಗದೆ ಉಳಿದಿರುವುದು ಒಂದೇ: ‘ಆ ಕಾಲೇಜಿನವರು ಚೆನ್ನಾಗಿ ಪಾಠ ಮಾಡುತ್ತಾರೆ, ಅಲ್ಲಿ ಓದಿದವರನ್ನು ಕಣ್ಣುಮುಚ್ಚಿ ಸೇರಿಸಿಕೊಳ್ಳಬಹುದು’ ಎಂಬ ಮಾತು. ಆ ಮಾತು ಸರ್ಕಾರಿ ಸುತ್ತೋಲೆಯಲ್ಲಿ ಬರುವಂಥದ್ದಲ್ಲ. ಅದು ಇಂಥ ಸಭೆಗಳಲ್ಲಿ, ಒಬ್ಬ ಅಧ್ಯಾಪಕರು ಇನ್ನೊಬ್ಬರಿಗೆ ಹೇಳಬೇಕಾದದ್ದು.